ಯೂಟ್ಯೂಬ್‌ಗೆ ಸದ್ದಿದೆ, ತಾಳಮದ್ದಳೆಗೆ ಇಲ್ಲ: ಹೊಸ ಕಂಪ್ಯೂಟರಿನ ಒಂದು ಪ್ರಕರಣ

ಹೊಸ ಕಂಪ್ಯೂಟರಿನಲ್ಲಿ ವಿಡಿಯೋ ಓಡುತ್ತದೆ, ಧ್ವನಿ ಮಾತ್ರ ಇಲ್ಲ. ಇತ್ತೀಚೆಗೆ ಈ ದೂರು ಹಿಡಿದುಕೊಂಡು ಬರುವವರು ಜಾಸ್ತಿಯಾಗಿದ್ದಾರೆ. ಅಂಥದ್ದೊಂದು ಪ್ರಕರಣವನ್ನು ಇಲ್ಲಿ ಪೂರ್ತಿ ಬರೆದಿಡುತ್ತಿದ್ದೇನೆ. ಇದರಲ್ಲಿ ಸ್ಪೀಕರ್ ಸರಿ ಇತ್ತು, ಧ್ವನಿಯ ಭಾಗವನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಸರಿ ಇತ್ತು, ಫೈಲುಗಳೂ ಸರಿ ಇದ್ದವು. ಆದರೂ ಒಂದು ಮನೆಯವರು ವರ್ಷಗಟ್ಟಲೆ ಕೂಡಿಟ್ಟ ರೆಕಾರ್ಡಿಂಗ್ ಯಾವುದೂ ಕೇಳುತ್ತಿರಲಿಲ್ಲ. ಸ್ವಲ್ಪ ಎಚ್ಚರ ತಪ್ಪಿದ್ದರೆ, ಅವನ್ನು ಕೇಳಿಸುತ್ತಿದ್ದ ಹಳೆಯ ಯಂತ್ರವೂ ಮನೆ ಬಿಟ್ಟು ಹೋಗುತ್ತಿತ್ತು. ಮನೆಯವರ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಮನೆ, ಕ್ಯಾಮೆರಾ, ಹಳೆಯ ಕಂಪ್ಯೂಟರ್

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಒಂದು ಹಳ್ಳಿ. ಮನೆಯ ಯಜಮಾನರು ನಿವೃತ್ತ ಶಿಕ್ಷಕರು, ಊರಿಗೆಲ್ಲ ಮಾಸ್ತರು. ತಾಳಮದ್ದಳೆಯಲ್ಲಿ ಅರ್ಥ ಹೇಳುವುದು ಅವರ ಬದುಕಿನ ದೊಡ್ಡ ಪ್ರೀತಿ. 2010ರ ಆಸುಪಾಸಿನಲ್ಲಿ ಮಗ ಒಂದು ಹ್ಯಾಂಡಿಕ್ಯಾಮ್ ತಂದುಕೊಟ್ಟ. ಅಂದಿನಿಂದ ಸುತ್ತಮುತ್ತ ಎಲ್ಲಿ ಕೂಟ ನಡೆದರೂ ಮಾಸ್ತರು ಮೂಲೆಯಲ್ಲಿ ಸ್ಟ್ಯಾಂಡ್ ನಿಲ್ಲಿಸಿ ರೆಕಾರ್ಡ್ ಮಾಡಿಕೊಂಡರು.

ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ. ಅರ್ಥಧಾರಿಗಳು ಕೂತಲ್ಲೇ ಕೂತು ಬರೀ ಮಾತಿನಲ್ಲಿ ಪ್ರಸಂಗ ನಡೆಸುತ್ತಾರೆ. ಕೃಷ್ಣಸಂಧಾನದ ಅರ್ಧ ಗಂಟೆಯ ವಾದವನ್ನು ಧ್ವನಿ ಇಲ್ಲದೆ ನೋಡಿದರೆ ಏನು ಸಿಗುತ್ತದೆ? ಪಂಚೆ ಉಟ್ಟು ಶಾಲು ಹೊದ್ದ ನಾಲ್ಕು ಜನ ಕೂತಿರುವುದು, ಅಷ್ಟೆ. ಆ ರೆಕಾರ್ಡಿಂಗ್‌ಗಳಲ್ಲಿ ಇರುವ ಕೆಲವು ಅರ್ಥಧಾರಿಗಳು ಈಗ ಇಲ್ಲ. ಅವರ ಮಾತು ಬೇರೆ ಎಲ್ಲೂ ದಾಖಲಾಗಿಲ್ಲ. ಇದನ್ನು ಮೊದಲೇ ಹೇಳಲು ಕಾರಣ ಇದೆ. ಇಂಥ ಕಡೆ ರಿಪೇರಿಗೆ ಹೋಗುವವರು ಯಂತ್ರಕ್ಕಿಂತ ಮೊದಲು ಅದರೊಳಗೆ ಏನಿದೆ ಎಂದು ಕೇಳಿ ತಿಳಿದುಕೊಳ್ಳಬೇಕು.

ಮನೆಯ ಹಳೆಯ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ 10 ಇತ್ತು. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ನಿಂತಿತು. ಆ ಯಂತ್ರದ ಪ್ರೊಸೆಸರ್ ಹಳೆಯದು, ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಹೀಗಾಗಿ ಹತ್ತಿರದ ಪೇಟೆಯ ಒಂದು ಅಂಗಡಿಯಲ್ಲಿ ಹೊಸ ಡೆಸ್ಕ್‌ಟಾಪ್ ಜೋಡಿಸಿಕೊಂಡು ತಂದರು. ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡುವುದು, ಒಂದಿಷ್ಟು ದುಡ್ಡು ಕಡಿಮೆ ಮಾಡಿಕೊಳ್ಳುವುದು ಎಂದು ಮಾತಾಗಿತ್ತು. ರೆಕಾರ್ಡಿಂಗ್‌ಗಳನ್ನೆಲ್ಲ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಹಾಕಿಟ್ಟಿದ್ದರು.

ಒಂದೇ ದೂರು, ಎರಡು ತೊಂದರೆ

ಹೊಸ ಕಂಪ್ಯೂಟರ್ ಬಂದ ದಿನ ಅದರಲ್ಲಿ ಯಾವ ಸದ್ದೂ ಇರಲಿಲ್ಲ. ಕಾರಣ ಸಣ್ಣದು. ಮಾನಿಟರ್ ಎಚ್‌ಡಿಎಂಐ ಕೇಬಲ್‌ನಲ್ಲಿ ಸೇರಿಕೊಂಡಿತ್ತು. ಎಚ್‌ಡಿಎಂಐನಲ್ಲಿ ಚಿತ್ರದ ಜೊತೆ ಧ್ವನಿಯೂ ಹೋಗುತ್ತದೆ. ವಿಂಡೋಸ್ ಆ ಮಾನಿಟರನ್ನೇ ಸ್ಪೀಕರ್ ಎಂದು ಆರಿಸಿಕೊಂಡಿತ್ತು. ಆದರೆ ಆ ಮಾನಿಟರಿಗೆ ಸ್ಪೀಕರ್ ಇರಲಿಲ್ಲ. ಅಂಗಡಿಯ ಹುಡುಗ ಬಂದು ಟಾಸ್ಕ್‌ಬಾರಿನ ಸ್ಪೀಕರ್ ಚಿಹ್ನೆ ಒತ್ತಿ, ಸರಿಯಾದ ಔಟ್‌ಪುಟ್ ಆರಿಸಿದ. ಯೂಟ್ಯೂಬ್‌ನಲ್ಲಿ ಒಂದು ಹಾಡು ಹಾಕಿ ತೋರಿಸಿದ. ಎಲ್ಲರಿಗೂ ಸಮಾಧಾನವಾಯಿತು.

ಅದೇ ಸಂಜೆ ಸೊಸೆ ಹಾರ್ಡ್‌ಡಿಸ್ಕ್ ಚುಚ್ಚಿ ಒಂದು ತಾಳಮದ್ದಳೆ ಹಾಕಿದರು. ಚಿತ್ರ ಚೆನ್ನಾಗಿ ಬಂತು. ಭಾಗವತರು ಬಾಯಿ ತೆರೆದರು, ತಾಳ ಕುಟ್ಟಿದರು. ಸದ್ದಿಲ್ಲ. ಇನ್ನೊಂದು ಹಾಕಿದರು, ಅದೂ ಹಾಗೇ. ಅವರು ಅಂಗಡಿಗೆ ಫೋನ್ ಮಾಡಿ, "ಮತ್ತೆ ಸೌಂಡ್ ಹೋಯ್ತು" ಎಂದರು.

ದಾರಿ ತಪ್ಪಿದ್ದು ಇಲ್ಲೇ ಎನ್ನುವುದು ನನ್ನ ಅನಿಸಿಕೆ. ಬೆಳಗಿನ ತೊಂದರೆಗೂ ಸಂಜೆಯ ತೊಂದರೆಗೂ ಸಂಬಂಧ ಇರಲಿಲ್ಲ. ಆದರೆ ಎರಡಕ್ಕೂ ಅದೇ ಯಂತ್ರ, ಅದೇ ಲಕ್ಷಣ, ಅದೇ ದೂರು. ಅಂಗಡಿಯವರು ಬೆಳಗಿನದ್ದೇ ಮರುಕಳಿಸಿದೆ ಎಂದುಕೊಂಡರು. "ಈಗಲೂ ಯೂಟ್ಯೂಬ್‌ನಲ್ಲಿ ಸೌಂಡ್ ಬರ್ತದಾ?" ಎಂದು ಯಾರೂ ಕೇಳಲಿಲ್ಲ.

ಏನೇನು ಮಾಡಿದರು

ಮೊದಲು ಔಟ್‌ಪುಟ್ ನೋಡಿದರು. ಸರಿಯಾಗೇ ಇತ್ತು. ಆಡಿಯೋ ಡ್ರೈವರ್ ತೆಗೆದು ಮತ್ತೆ ಹಾಕಿದರು. ಸೌಂಡ್ ಎನ್‌ಹಾನ್ಸ್‌ಮೆಂಟ್ ಆಫ್ ಮಾಡಿದರು. ಬೇರೆ ಸ್ಪೀಕರ್ ತಂದು ಹಾಕಿ ನೋಡಿದರು. ಇವೆಲ್ಲ ತಪ್ಪೇನಲ್ಲ, ಧ್ವನಿ ಇಲ್ಲ ಎಂದಾಗ ಯಾರಾದರೂ ಮಾಡುವ ಕೆಲಸಗಳೇ. ಆದರೆ ಇವೆಲ್ಲ ಇಡೀ ಯಂತ್ರ ಮೂಕವಾಗಿದ್ದಾಗ ಮಾಡಬೇಕಾದವು.

ಮುಂದಿನ ಹೆಜ್ಜೆ ಒಳ್ಳೆಯದಿತ್ತು. ಒಂದು ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ ಅಂಗಡಿಯ ಕಂಪ್ಯೂಟರಿನಲ್ಲಿ ಹಾಕಿ ನೋಡಿದರು. ಅಲ್ಲಿ ಸ್ಪಷ್ಟವಾಗಿ ಧ್ವನಿ ಬಂತು! ಅಲ್ಲಿದ್ದದ್ದೂ ವಿಂಡೋಸ್ 11, ಆವೃತ್ತಿಯೂ ಅದೇ. ಹಾಗಾದರೆ ಫೈಲ್ ಸರಿ ಇದೆ, ವಿಂಡೋಸೂ ಸರಿ ಇದೆ, ದೋಷ ಈ ಮನೆಯ ಯಂತ್ರದ್ದೇ ಎಂದು ತೀರ್ಮಾನಿಸಿದರು. ಆ ಹೊತ್ತಿಗೆ ಯಾರಿಗಾದರೂ ಹಾಗೇ ಅನಿಸುತ್ತಿತ್ತು.

ಆ ತೀರ್ಮಾನದ ಮೇಲೆ ಫಾರ್ಮ್ಯಾಟ್ ಮಾಡಿ, ವಿಂಡೋಸನ್ನು ಹೊಸದಾಗಿ ಹಾಕಿದರು. ಧ್ವನಿ ಬರಲಿಲ್ಲ. ಇನ್ನು ಮದರ್‌ಬೋರ್ಡ್ ಬದಲಿಸೋಣ, ಹೇಗೂ ವಾರಂಟಿ ಇದೆ ಎಂದರು. ಬರುವಾಗ ಹಳೆಯ ಯಂತ್ರವನ್ನೂ ತಂದುಬಿಡಿ, ಎಕ್ಸ್‌ಚೇಂಜ್ ಲೆಕ್ಕ ಮುಗಿಸಿಬಿಡೋಣ ಎಂದೂ ಸೇರಿಸಿದರು.

ಅತ್ತ ಸೊಸೆ ತಾವೇ ಇಂಟರ್‌ನೆಟ್‌ನಲ್ಲಿ ಹುಡುಕುತ್ತಿದ್ದರು. "ಎಲ್ಲ ಕೋಡೆಕ್‌ಗಳೂ ಒಂದೇ ಕಡೆ" ಎನ್ನುವ ಒಂದು ತಾಣ ಸಿಕ್ಕಿತು. ಕೋಡೆಕ್ ಎಂದರೆ ಫೈಲಿನಲ್ಲಿ ಅಡಕವಾಗಿರುವ ಧ್ವನಿ, ಚಿತ್ರಗಳನ್ನು ಬಿಡಿಸುವ ತಂತ್ರಾಂಶ. ಪುಟದ ತುಂಬ ಹಸಿರು ಡೌನ್‌ಲೋಡ್ ಬಟನ್‌ಗಳು. ಯಾವುದು ನಿಜವಾದದ್ದು, ಯಾವುದು ಜಾಹೀರಾತು ಎಂದು ತಿಳಿಯದೆ ಅವರು ಕೈ ಹಿಂದೆ ತೆಗೆದರು. ಇಡೀ ಪ್ರಕರಣದಲ್ಲಿ ನಾನು ತುಂಬ ಮೆಚ್ಚಿದ ನಿರ್ಧಾರ ಅದು. ಅಂಥ ಪುಟಗಳಿಂದ ಕೋಡೆಕ್ ಹೆಸರಿನಲ್ಲಿ ಏನೇನೋ ಬಂದು ಕೂತ ಯಂತ್ರಗಳನ್ನು ಶುಚಿ ಮಾಡುವುದು ದೊಡ್ಡ ತಲೆನೋವು. ಆಮೇಲೆ ಅವರು ನನಗೆ ಫೋನ್ ಮಾಡಿದರು. ಹಳೆಯ ರೆಕಾರ್ಡಿಂಗ್ ಉಳಿಸುವ ಕೆಲಸ ನಾನು ಮಾಡುತ್ತೇನೆ ಎಂದು ಕೂಟದವರೊಬ್ಬರು ಹೇಳಿದ್ದರಂತೆ.

ಫೋನಿನಲ್ಲೇ ಗಂಟು ಬಿಚ್ಚಿತು

ನಾನು ಕೇಳಿದ ಮೊದಲ ಪ್ರಶ್ನೆ, ಯೂಟ್ಯೂಬ್‌ಗೆ ಸೌಂಡ್ ಇದೆಯಾ?

"ಇದೆಯಲ್ಲ, ಅದು ಜೋರಾಗೇ ಬರ್ತದೆ."

ವಾಟ್ಸಾಪ್‌ನಲ್ಲಿ ಬಂದ ವಿಡಿಯೋಗೆ? ಇದೆ. ಫೋನಿನಲ್ಲಿ ತೆಗೆದದ್ದಕ್ಕೆ? ಇದೆ. ಹಾಗಾದರೆ ಯಾವುದಕ್ಕೆಲ್ಲ ಇಲ್ಲ, ಒಂದೊಂದೇ ಹಾಕಿ ನೋಡಿ ಹೇಳಿ ಎಂದೆ. ಅವರು ತಾಳ್ಮೆಯಿಂದ ಹಾಕುತ್ತಾ ಹೋದರು. ಹ್ಯಾಂಡಿಕ್ಯಾಮ್‌ನ ಯಾವ ಫೈಲಿಗೂ ಇಲ್ಲ. ಅವರ ಮದುವೆಯ ಡಿವಿಡಿಯಿಂದ ಕಾಪಿ ಮಾಡಿಟ್ಟದ್ದಕ್ಕೂ ಇಲ್ಲ. ಅದನ್ನು ಅವರು ಅಲ್ಲಿಯವರೆಗೆ ಹಾಕಿಯೇ ನೋಡಿರಲಿಲ್ಲ.

ಆ ಮದುವೆಯ ಡಿವಿಡಿಯಿಂದ ನನಗೆ ಗುಮಾನಿ ಗಟ್ಟಿಯಾಯಿತು. ಹ್ಯಾಂಡಿಕ್ಯಾಮ್‌ಗೂ ಡಿವಿಡಿಗೂ ಇರುವ ನಂಟು ಒಂದು, ಎಸಿ-3 ಎಂಬ ಧ್ವನಿ ಬರೆದಿಡುವ ವಿಧಾನ. ಡಾಲ್ಬಿ ಡಿಜಿಟಲ್ ಎಂದು ನಾವು ಡಿವಿಡಿ ಕವರಿನ ಮೇಲೆ ಓದಿದ್ದು ಇದನ್ನೇ. ಸೋನಿ ಮತ್ತು ಪ್ಯಾನಸಾನಿಕ್ 2006ರಲ್ಲಿ ತಂದ ಎವಿಸಿಎಚ್‌ಡಿ ಎಂಬ ವಿಧಾನದಲ್ಲಿ ಚಿತ್ರ ಎಚ್.264 ಎಂಬ ರೂಪದಲ್ಲಿ ಇರುತ್ತದೆ, ಧ್ವನಿ ಹೆಚ್ಚಾಗಿ ಎಸಿ-3ರಲ್ಲಿ. ಆ ಕಾಲದ ಎಷ್ಟೋ ಹ್ಯಾಂಡಿಕ್ಯಾಮ್‌ಗಳು ಎಂಟಿಎಸ್ ಎಂಬ ಬಾಲ ಇರುವ ಫೈಲುಗಳನ್ನು ಬರೆಯುತ್ತಿದ್ದದ್ದು ಹೀಗೇ. ಫೋನುಗಳು ಮಾತ್ರ ಧ್ವನಿಯನ್ನು ಸಾಮಾನ್ಯವಾಗಿ ಎಎಸಿ ಎಂಬ ಇನ್ನೊಂದು ವಿಧಾನದಲ್ಲಿ ಬರೆಯುತ್ತವೆ. ಹಾಗಾಗಿ ಫೋನಿನ ವಿಡಿಯೋ ಮಾತಾಡಿತು, ಕ್ಯಾಮೆರಾದ ವಿಡಿಯೋ ಮಾತಾಡಲಿಲ್ಲ.

ಮಾಸ್ತರಿಗೆ ಇದನ್ನು ಹೀಗೆ ಹೇಳಿದೆ: ಒಂದೇ ಲಕೋಟೆಯಲ್ಲಿ ಎರಡು ಕಾಗದ ಇವೆ, ಒಂದು ಕನ್ನಡದಲ್ಲಿ, ಇನ್ನೊಂದು ಮೋಡಿ ಲಿಪಿಯಲ್ಲಿ. ಮೋಡಿ ಓದುವವರು ಮನೆಯಲ್ಲಿಲ್ಲ, ಹಾಗಂತ ಆ ಕಾಗದ ಖಾಲಿ ಅಲ್ಲ. ಅವರು ತಟ್ಟನೆ ಕೇಳಿದರು. "ಅಂದ್ರೆ ಮಾತು ಒಳಗೆ ಇದೆ, ಅಲ್ವಾ ತಮಾ?" ಅವರಿಗೆ ಬೇಕಿದ್ದ ಉತ್ತರ ಅದೊಂದೇ. ಇದೆ ಎಂದೆ.

ಆದರೂ ಊಹೆಯ ಮೇಲೆ ನಿಲ್ಲಬಾರದು. ಒಂದು ಪರೀಕ್ಷೆ ಮಾಡಿಸಿದೆ. ಸೆಟ್ಟಿಂಗ್ಸ್‌ನ ಸೌಂಡ್ ಪುಟದ ಕೆಳಗೆ 'ಮೋರ್ ಸೌಂಡ್ ಸೆಟ್ಟಿಂಗ್ಸ್' ಎಂದಿದೆ. ಒತ್ತಿದರೆ ಹಳೆಯ ಕಾಲದ ಒಂದು ಸಣ್ಣ ಕಿಟಕಿ ತೆರೆಯುತ್ತದೆ. ಅದರ ಪ್ಲೇಬ್ಯಾಕ್ ಭಾಗದಲ್ಲಿ ಸ್ಪೀಕರ್ ಹೆಸರಿನ ಪಕ್ಕ ಒಂದು ಪಟ್ಟಿ ಇರುತ್ತದೆ. ಧ್ವನಿ ಆ ಸ್ಪೀಕರ್ ಕಡೆ ಹೊರಟರೆ ಅದರಲ್ಲಿ ಹಸಿರು ಏರಿಳಿಯುತ್ತದೆ. ಯೂಟ್ಯೂಬ್ ಹಾಕಿದಾಗ ಹಸಿರು ಕುಣಿಯಿತು. ತಾಳಮದ್ದಳೆ ಹಾಕಿದಾಗ ಒಂದು ಗೆರೆಯೂ ಏಳಲಿಲ್ಲ.

ಈ ಪರೀಕ್ಷೆ ಎಲ್ಲರಿಗೂ ಗೊತ್ತಿರಬೇಕು ಎನ್ನುವುದು ನನ್ನ ಆಸೆ. ಹಸಿರು ಏರಿಳಿದೂ ಕಿವಿಗೆ ಕೇಳದಿದ್ದರೆ ಕೇಬಲ್, ಸ್ಪೀಕರ್, ತಪ್ಪು ಔಟ್‌ಪುಟ್ ಇವನ್ನು ನೋಡಬೇಕು. ಬೇರೆಯದಕ್ಕೆ ಏರಿ, ಈ ಫೈಲಿಗೆ ಮಾತ್ರ ಏರದಿದ್ದರೆ, ಧ್ವನಿ ಕಂಪ್ಯೂಟರಿನೊಳಗೆ ಹುಟ್ಟಿಯೇ ಇಲ್ಲ. ಆಗ ಸ್ಪೀಕರ್ ಬದಲಿಸಿ ಪ್ರಯೋಜನವಿಲ್ಲ, ಮದರ್‌ಬೋರ್ಡ್ ಬದಲಿಸಿಯೂ ಪ್ರಯೋಜನವಿಲ್ಲ.

ಅಂಗಡಿಯಲ್ಲಿ ಬಂತು, ಮನೆಯಲ್ಲಿ ಯಾಕಿಲ್ಲ?

ಎಲ್ಲರನ್ನೂ ಗೊಂದಲಕ್ಕೆ ಹಾಕಿದ್ದು ಇದೇ. ವಿಂಡೋಸ್ 11ರ 24ಎಚ್2 ಆವೃತ್ತಿ 2024ರ ಅಕ್ಟೋಬರ್‌ನಲ್ಲಿ ಬಂತು. ಅಲ್ಲಿಂದ ಈಚೆಗೆ ಹೊಸದಾಗಿ ಹಾಕುವ ವಿಂಡೋಸ್‌ನಲ್ಲಿ ಎಸಿ-3 ಕೋಡೆಕ್ ಇರುವುದಿಲ್ಲ. ಹಿಂದಿನ ಆವೃತ್ತಿಯಿಂದ ಮೇಲೇರಿಸಿಕೊಂಡು ಬಂದವರಿಗೆ ಮೊದಲಿನದು ಹಾಗೇ ಉಳಿದುಕೊಳ್ಳುತ್ತದೆ. ಕಂಪ್ಯೂಟರ್ ತಯಾರಿಸುವ ಕಂಪನಿಗಳು ಬೇಕಿದ್ದರೆ ತಾವೇ ಲೈಸೆನ್ಸ್ ಪಡೆದು ಅದನ್ನು ಸೇರಿಸಿ ಕೊಡಬಹುದು.

ಅಂಗಡಿಯ ಕಂಪ್ಯೂಟರ್ ಹಲವು ವರ್ಷಗಳಿಂದ ಅಪ್‌ಡೇಟ್ ಆಗುತ್ತಾ ಬಂದದ್ದು. ಮನೆಯದು ಹೊಸದಾಗಿ ಹಾಕಿದ್ದು. ಆವೃತ್ತಿಯ ಸಂಖ್ಯೆ ಒಂದೇ ಇದ್ದರೂ ಬಂದ ದಾರಿ ಬೇರೆ. ಫಾರ್ಮ್ಯಾಟ್ ಮಾಡಿ ಪ್ರಯೋಜನ ಆಗದಿದ್ದದ್ದೂ ಅದಕ್ಕೇ. ಹೊಸದಾಗಿ ಹಾಕಿದ್ದರಿಂದಲೇ ಇಲ್ಲದ್ದು, ಮತ್ತೊಮ್ಮೆ ಹೊಸದಾಗಿ ಹಾಕಿದರೆ ಎಲ್ಲಿಂದ ಬರಬೇಕು? ಪಕ್ಕದ ಮನೆಯವರ ಹೊಸ ಲ್ಯಾಪ್‌ಟಾಪ್‌ನಲ್ಲಿ ಬರುತ್ತದೆ, ನಮ್ಮದರಲ್ಲಿ ಬರುವುದಿಲ್ಲ ಎಂಬ ಮಾತು ಕೇಳಿದ್ದೇನೆ. ಅದಕ್ಕೂ ಇದೇ ಕಾರಣ ಇರಬಹುದು. ಅವರ ಲ್ಯಾಪ್‌ಟಾಪಿನ ಕಂಪನಿ ಕೋಡೆಕ್ ಸೇರಿಸಿ ಕೊಟ್ಟಿದ್ದರೆ ಧ್ವನಿ ಬರುತ್ತದೆ.

ನಿರ್ಧಾರಗಳು

ಮನೆಗೆ ಹೋಗುವ ಮೊದಲು ಫೋನಿನಲ್ಲೇ ಒಂದು ಮಾತು ಹೇಳಿದೆ. ಹಳೆಯ ಕಂಪ್ಯೂಟರನ್ನು ಈಗ ಕೊಡಬೇಡಿ. ಎಕ್ಸ್‌ಚೇಂಜ್ ದುಡ್ಡು ಹೋದರೂ ಪರವಾಗಿಲ್ಲ. ಹೊಸ ಕಡೆ ಎಲ್ಲ ಸರಿಯಾಗಿದೆ ಎಂದು ಒಂದೊಂದು ಫೈಲನ್ನೂ ಹಳೆಯದರ ಪಕ್ಕ ಇಟ್ಟು ಕೇಳುವವರೆಗೆ ಅದು ಬೇಕು. ಮಾಸ್ತರು ಆ ಕೂಡಲೇ ಒಪ್ಪಿದರು. ಅಂಗಡಿಯವರೂ ಬೇಸರ ಮಾಡಿಕೊಳ್ಳಲಿಲ್ಲ.

ಹೋದ ಮೇಲೆ ಮೊದಲ ಕೆಲಸ, ಮೂಲ ಫೈಲುಗಳ ಇನ್ನೊಂದು ಪ್ರತಿ. ಇಷ್ಟು ವರ್ಷದ ಶ್ರಮವೆಲ್ಲ ಒಂದೇ ಹಾರ್ಡ್‌ಡಿಸ್ಕಿನಲ್ಲಿತ್ತು. ಧ್ವನಿಯ ರಿಪೇರಿಗಿಂತ ಇದು ಮುಖ್ಯ ಎಂದು ಹೇಳಿ, ಎರಡನೆಯ ಡಿಸ್ಕ್ ತರಿಸಿ, ಪೂರ್ತಿ ನಕಲು ಆಗುವವರೆಗೆ ಬೇರೇನೂ ಮುಟ್ಟಲಿಲ್ಲ.

ಆಮೇಲೆ ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರ್ ಹಾಕಿದೆ, ಅದರ ಅಧಿಕೃತ ತಾಣದಿಂದಲೇ. ಇದು 1996ರಲ್ಲಿ ಪ್ಯಾರಿಸ್ಸಿನ ಎಕೋಲ್ ಸೆಂಟ್ರಾಲ್ ಕಾಲೇಜಿನ ವಿದ್ಯಾರ್ಥಿಗಳು ಶುರುಮಾಡಿದ ಕೆಲಸ. ಇವತ್ತಿಗೂ ದುಡ್ಡಿಲ್ಲದೆ ಸಿಗುತ್ತದೆ. ಧ್ವನಿ ಬಿಡಿಸುವ ಸಾಮಾನನ್ನು ವಿಎಲ್‌ಸಿ ತನ್ನೊಳಗೇ ಇಟ್ಟುಕೊಂಡಿದೆ, ವಿಂಡೋಸ್‌ನಲ್ಲಿ ಅದು ಇದೆಯೋ ಇಲ್ಲವೋ ಎಂದು ನೋಡುವುದಿಲ್ಲ. ಹಾಕಿದ ಕೂಡಲೇ ಭಾಗವತರ ಸ್ವರ ಬಂತು. ಟೂಲ್ಸ್ ಮೆನುವಿನ 'ಕೋಡೆಕ್ ಇನ್ಫರ್ಮೇಷನ್' ತೆರೆದು ನೋಡಿದೆವು. ಆಡಿಯೋ ಎಂದಿರುವಲ್ಲಿ 'ಎ52' ಎಂದಿತ್ತು, ಅದು ಎಸಿ-3ರ ಇನ್ನೊಂದು ಹೆಸರು. ಊಹೆ ಖಚಿತವಾಯಿತು.

ಮನೆಯಲ್ಲಿ ನೋಡುವುದಷ್ಟೇ ಆಗಿದ್ದರೆ ಕೆಲಸ ಇಲ್ಲಿಗೆ ಮುಗಿಯುತ್ತಿತ್ತು. ಹೆಚ್ಚಿನವರಿಗೆ ಇಷ್ಟು ಸಾಕು. ಆದರೆ ಮಾಸ್ತರಿಗೆ ಇವನ್ನು ಕೂಟದ ಹುಡುಗರ ಫೋನಿಗೆ ಕಳಿಸಬೇಕಿತ್ತು, ಅವರು ಕೇಳಿ ಕಲಿಯಲಿ ಎಂದು. ಒಂದು ಫೈಲನ್ನು ಹಾಗೇ ಕಳಿಸಿ ನೋಡಿದೆವು. ಆ ಹುಡುಗನ ಫೋನಿನಲ್ಲೂ ಚಿತ್ರ ಮಾತ್ರ ಬಂತು. ಎಸಿ-3 ಬಿಡಿಸುವ ವ್ಯವಸ್ಥೆ ಎಲ್ಲ ಫೋನುಗಳಲ್ಲೂ ಇರುವುದಿಲ್ಲ. ಹಂಚುವುದಕ್ಕಾಗಿ ಎಎಸಿ ಧ್ವನಿ ಇರುವ ಪ್ರತಿಗಳನ್ನು ಬೇರೆ ಮಾಡಲೇಬೇಕಿತ್ತು.

ಪರಿವರ್ತನೆಗೆ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶ ಬಳಸಿದೆ. ಅದರಲ್ಲಿ ಚಿತ್ರವನ್ನು ಮುಟ್ಟದೆ ಹಾಗೇ ದಾಟಿಸಿ, ಧ್ವನಿಯನ್ನಷ್ಟೇ ಎಎಸಿಗೆ ಬದಲಿಸಿ, ಎಂಪಿ4 ಮಾಡಬಹುದು. ಚಿತ್ರವನ್ನೂ ಹೊಸದಾಗಿ ಮಾಡುವ ತಂತ್ರಾಂಶಗಳು ಬಳಸಲು ಸುಲಭ. ಆದರೆ ಒಂದು ರಾತ್ರಿಯ ಪ್ರಸಂಗಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ಚಿತ್ರದ ಗುಣವೂ ಒಂದಿಷ್ಟು ಹೋಗುತ್ತದೆ. ಧ್ವನಿಯಷ್ಟೇ ಬದಲಿಸಿದರೆ ಬೇಗ ಮುಗಿಯುತ್ತದೆ. ಧ್ವನಿಗೆ ಸೆಕೆಂಡಿಗೆ 256 ಕಿಲೋಬಿಟ್ ಇಟ್ಟೆ. ಮದ್ದಳೆಯ ಪೆಟ್ಟು, ಅದರ ಹಿಂದೆ ಹಗುರವಾಗಿ ಬರುವ ಶ್ರುತಿ, ಎರಡೂ ಕೆಡಬಾರದು ಎನ್ನುವುದಕ್ಕೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಈ ಕ್ಯಾಮೆರಾ ಉದ್ದದ ರೆಕಾರ್ಡಿಂಗ್‌ನಲ್ಲಿ ಸುಮಾರು 2 ಜಿಬಿ ಆಗುತ್ತಲೇ ಹೊಸ ಫೈಲ್ ಶುರುಮಾಡುತ್ತದೆ. ಅರ್ಥ ಎಲ್ಲಿಗೆ ಬಂದಿದೆ ಎಂದು ಅದು ನೋಡುವುದಿಲ್ಲ, ಮಾತಿನ ನಡುವೆಯೇ ತುಂಡು. ತುಂಡುಗಳನ್ನು ಬೇರೆಬೇರೆಯಾಗಿ ಎಎಸಿ ಮಾಡಿ ಆಮೇಲೆ ಅಂಟಿಸಿದರೆ, ಒಂದೊಂದು ತುಂಡಿನ ಶುರುವಿಗೂ ಚೂರು ಖಾಲಿ ಜಾಗ ಸೇರಿಕೊಳ್ಳುತ್ತದೆ. ಪದದ ಆಲಾಪದ ಮಧ್ಯೆ ಅದು ಟಕ್ ಎಂದು ಕೇಳುತ್ತದೆ. ಅದಕ್ಕೆ ಮೊದಲು ಎಂಟಿಎಸ್ ತುಂಡುಗಳನ್ನು ಹಾಗೇ ಒಂದರ ಹಿಂದೆ ಒಂದು ಸೇರಿಸಿದೆವು. ವಿಂಡೋಸ್‌ನ ಕಾಪಿ ಆಜ್ಞೆಯಲ್ಲಿ ಬೈನರಿ ಎಂದು ಸೂಚಿಸಿ ಇದನ್ನು ಮಾಡಬಹುದು. ಪರಿವರ್ತನೆ ಆಮೇಲೆ. ಹೀಗೆ ಮಾಡಿದಾಗ ಕೀಲು ಎಲ್ಲಿದೆ ಎಂದು ಮಾಸ್ತರಿಗೂ ಗೊತ್ತಾಗಲಿಲ್ಲ.

ಮೊದಲು ಒಂದೇ ಪ್ರಸಂಗ ಮಾಡಿ ಪರೀಕ್ಷಿಸಿದೆವು. ಚಿತ್ರಕ್ಕೂ ಧ್ವನಿಗೂ ಹೊಂದಾಣಿಕೆ ಇದೆಯೇ ಎಂದು ನೋಡಲು ತುಟಿ ನೋಡುವುದಕ್ಕಿಂತ ಭಾಗವತರ ಕೈ ನೋಡುವುದು ಒಳ್ಳೆಯದು. ತಾಳ ಕೂಡುವ ಗಳಿಗೆ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ, ಸದ್ದೂ ಚೂಪಾಗಿರುತ್ತದೆ. ಆರಂಭ, ನಡು, ಕೊನೆ ಮೂರೂ ಕಡೆ ಎರಡೂ ಒಟ್ಟಿಗೇ ಬಿದ್ದವು. ಆಮೇಲೆಯೇ ಉಳಿದದ್ದಕ್ಕೆ ಕೈ ಹಾಕಿದ್ದು.

ಸಿಗದೇ ಹೋದದ್ದು

ಎಲ್ಲವೂ ಸರಿಹೋಯಿತು ಎಂದು ಬರೆಯುವ ಆಸೆ ಇತ್ತು. ಆದರೆ ಒಂದು ರೆಕಾರ್ಡಿಂಗ್ ವಿಎಲ್‌ಸಿಯಲ್ಲೂ ಮೂಕವಾಗಿತ್ತು. ಹಳೆಯ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆವು, ಅಲ್ಲೂ ಹಾಗೇ. ಕೋಡೆಕ್ ಮಾಹಿತಿಯಲ್ಲಿ ಎಸಿ-3 ಇದೆ ಎಂದೇ ತೋರಿಸುತ್ತದೆ. ಅಂದರೆ ಧ್ವನಿಯ ಜಾಗ ಇದೆ, ಅದರಲ್ಲಿ ದಾಖಲಾದದ್ದು ಮೌನ. ಆ ದಿನ ಹೊರಗಿನ ಮೈಕ್ ಹಾಕಿದ್ದು ಮಾಸ್ತರಿಗೆ ನೆನಪಿತ್ತು. ಹೊರಗಿನ ಮೈಕಿನ ಪಿನ್ ಚುಚ್ಚಿದರೆ ಕ್ಯಾಮೆರಾದ ಒಳಗಿನ ಮೈಕ್ ತಾನಾಗಿ ಆಫ್ ಆಗುತ್ತದೆ. ಹೊರಗಿನದರ ಬ್ಯಾಟರಿ ಮುಗಿದಿದ್ದರೆ, ಅಥವಾ ಅದರ ಸ್ವಿಚ್ ಹಾಕಿರದಿದ್ದರೆ, ಏನೂ ದಾಖಲಾಗುವುದಿಲ್ಲ. ಇಂಥದ್ದಕ್ಕೆ ಯಾವ ತಂತ್ರಾಂಶವೂ ಧ್ವನಿ ತರಲಾರದು. ಹಳೆಯ ಯಂತ್ರ ಪಕ್ಕದಲ್ಲಿ ಇದ್ದದ್ದರಿಂದ, ಇದು ನಮ್ಮ ಪರಿವರ್ತನೆಯ ದೋಷ ಅಲ್ಲ ಎಂದು ಅಲ್ಲೇ ಗೊತ್ತಾಯಿತು.

ಇನ್ನೊಂದು ಲಕ್ಷಣವನ್ನೂ ಹೇಳಿಬಿಡುತ್ತೇನೆ, ಜನ ಇದರ ಜೊತೆ ಕಲಸಿಕೊಳ್ಳುತ್ತಾರೆ. ಕೆಲವು ವಿಡಿಯೋಗಳಲ್ಲಿ ಹಿನ್ನೆಲೆ ಸಂಗೀತ ಜೋರಾಗಿ ಕೇಳುತ್ತದೆ, ಮಾತು ಮಾತ್ರ ತೀರಾ ಸಣ್ಣ. ಅದು ಕೋಡೆಕ್ ಇಲ್ಲದ್ದರಿಂದ ಆಗುವುದಲ್ಲ. ಸಾಮಾನ್ಯವಾಗಿ ಅದು ಆರು ಕಡೆಯಿಂದ ಬರುವ 5.1 ಧ್ವನಿ. ಮಾತು ನಡುವಿನ ಸ್ಪೀಕರಿಗೆ ಮೀಸಲು, ನಮ್ಮಲ್ಲಿ ಇರುವುದು ಎರಡೇ ಸ್ಪೀಕರ್. ಆಗ ಪ್ಲೇಯರ್‌ನಲ್ಲಿ ಸ್ಟೀರಿಯೋ ಆರಿಸಿ ನೋಡಬೇಕು. ವಿಂಡೋಸ್‌ನಲ್ಲೂ ಸ್ಪೀಕರನ್ನು 5.1 ಎಂದು ತಪ್ಪಾಗಿ ಇಟ್ಟಿದ್ದಾರಾ ಎಂದು ನೋಡಬೇಕು.

ಅಂಗಡಿಯವರ ಜೊತೆ

ಕೆಲಸ ಒಂದು ಹದಕ್ಕೆ ಬಂದ ಮೇಲೆ ಅಂಗಡಿಯ ಯಜಮಾನರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಶ್ರಮ ಹಾಕಿದ್ದರು, ದುಡ್ಡು ಕೇಳದೆ ಮನೆಗೆ ಬಂದು ಹೋಗಿದ್ದರು. ಇಂಥ ದೂರು ಬಂದಾಗ ಫೋನಿನಲ್ಲೇ ಹೇಗೆ ಗುರುತಿಸುವುದು ಎಂದು ಕೇಳಿದರು. ಯೂಟ್ಯೂಬ್‌ಗೆ ಬರುತ್ತದಾ ಎಂದು ಮೊದಲು ಕೇಳಿ ಎಂದೆ. ಬರುತ್ತದೆ ಎಂದರೆ ಡ್ರೈವರಿಗೆ ಕೈ ಹಾಕಬೇಡಿ, ಯಾವ ವಿಡಿಯೋಗೆ ಬರುವುದಿಲ್ಲ, ಅದು ಎಲ್ಲಿಂದ ಬಂದದ್ದು ಎಂದು ಕೇಳಿ. ಹ್ಯಾಂಡಿಕ್ಯಾಮ್, ಡಿವಿಡಿ ಎಂದರೆ ವಿಎಲ್‌ಸಿಯಲ್ಲಿ ಹಾಕಿ ನೋಡಲು ಹೇಳಿ. ಅಲ್ಲಿ ಬಂದರೆ ಯಂತ್ರ ಬಿಚ್ಚುವ ಅಗತ್ಯವೇ ಇಲ್ಲ. ಇನ್ನೊಂದು ಯಂತ್ರದಲ್ಲಿ ಹಾಕಿ ಹೋಲಿಸುವಾಗ, ಅದರಲ್ಲಿ ವಿಂಡೋಸ್ ಹೊಸದಾಗಿ ಹಾಕಿದ್ದೋ, ಅಪ್‌ಡೇಟ್ ಆಗಿ ಬಂದದ್ದೋ ಎಂದು ಮೊದಲು ನೋಡಿಕೊಳ್ಳಿ ಎಂದೂ ಹೇಳಿದೆ.

ಅವರು ಈಗ ಹೊಸ ಯಂತ್ರ ಕೊಡುವಾಗ, ಮನೆಯಲ್ಲಿರುವ ಒಂದು ಹಳೆಯ ವಿಡಿಯೋ ಪೆನ್‌ಡ್ರೈವ್‌ನಲ್ಲಿ ತನ್ನಿ ಎಂದು ಗಿರಾಕಿಗಳಿಗೆ ಹೇಳುತ್ತಾರೆ. ಅದನ್ನು ಹಾಕಿ ತೋರಿಸಿಯೇ ಬಿಲ್ ಮಾಡುತ್ತಾರೆ. ಎಕ್ಸ್‌ಚೇಂಜ್‌ಗೆ ಬಂದ ಹಳೆಯ ಯಂತ್ರವನ್ನು ಕೆಲವು ದಿನ ಅಳಿಸದೆ ಇಟ್ಟುಕೊಳ್ಳುತ್ತಾರೆ.

ಮಾಸ್ತರ ಮನೆಯಲ್ಲಿ ಪರಿವರ್ತನೆಯ ಕೆಲಸವನ್ನು ಈಗ ಸೊಸೆಯೇ ಮಾಡುತ್ತಿದ್ದಾರೆ. ಪ್ರಸಂಗದ ಹೆಸರು, ಊರು, ವರ್ಷ, ಯಾರ ಅರ್ಥ, ಯಾರ ಭಾಗವತಿಕೆ ಎಂದು ಮಾಸ್ತರು ಹೇಳುತ್ತಾರೆ, ಅವರು ಫೈಲಿಗೆ ಹೆಸರಿಡುತ್ತಾರೆ. ಎಂಟಿಎಸ್ ಮೂಲಗಳು ಎರಡು ಡಿಸ್ಕಿನಲ್ಲಿವೆ. ಒಂದು ಮಗನ ಮನೆಯಲ್ಲಿ, ಒಂದು ಇಲ್ಲಿ. ಕೇಳಿ ನೋಡುವುದು ಇನ್ನೂ ಮುಗಿದಿಲ್ಲ, ಹಾಗಾಗಿ ಹಳೆಯ ಕಂಪ್ಯೂಟರ್ ಸದ್ಯಕ್ಕೆ ಮೇಜಿನ ಮೇಲೇ ಇದೆ.